ಮುಂದೆ ಇಳಿಸಿ ಹಿಂದೆ ಎತ್ತಿದರೆ ರೇಸ್ ಬೈಕ್ ಆಗುತ್ತಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಊರು ಚಿತ್ರದುರ್ಗ, ಬೈಕ್ ಹಳೇ ಯಮಹಾ ಆರ್15 ವಿ2. ತಿರುವಿನಲ್ಲಿ ಬೇಗ ವಾಲಲಿ ಅಂತ ಮುಂದಿನ ಫೋರ್ಕ್ ಪೈಪನ್ನು ಟಿ (ಎರಡು ಫೋರ್ಕ್ ಪೈಪನ್ನೂ ಹಿಡಿದಿರುವ ಪಟ್ಟಿ) ಒಳಗೆ 20 ಮಿಲಿಮೀಟರ್ ಮೇಲಕ್ಕೆ ಎಳೆಸಿ ಮುಂಭಾಗ ಇಳಿಸಿದ್ದೀರಿ, ಹಿಂದೆ ಲಿಂಕ್ (ಶಾಕನ್ನು ಚಕ್ರದ ತೋಳಿಗೆ ಜೋಡಿಸುವ ತುಂಡು) ಬದಲಿಸಿ 25 ಮಿಲಿಮೀಟರ್ ಎತ್ತಿಸಿದ್ದೀರಿ. ಈಗ ಹೈವೇಯಲ್ಲಿ 100 ದಾಟಿದರೆ ಹ್ಯಾಂಡಲ್ ನಡುಗುತ್ತೆ. ರೇಸ್ ಬೈಕ್‌ಗಳೂ ಹೀಗೇ ಮುಂದೆ ಬಗ್ಗಿ ಹಿಂದೆ ಎದ್ದಿರುತ್ತವಲ್ಲ, ಹಳೇ ಕಾಲದ ರೇಸ್ ಬೈಕ್ ಹಾಗಿರಲಿಲ್ಲ, ಇದೆಲ್ಲ ಹೇಗೆ ಬದಲಾಯ್ತು, ನನ್ನದು ಮಾತ್ರ ಯಾಕೆ ಹೀಗೆ ಆಡ್ತಿದೆ ಅಂತ ಕೇಳಿದ್ದೀರಿ.

ಮೊದಲು ಅರ್ಜೆಂಟ್ ವಿಷಯ. ಇವತ್ತೇ ಎರಡನ್ನೂ ಮೊದಲಿದ್ದ ಜಾಗಕ್ಕೆ ತನ್ನಿ. ನಿಮ್ಮ ಕಡೆ ಹೈವೇಯಲ್ಲಿ ಗಾಳಿಯಂತ್ರದ ಗುಡ್ಡಗಳ ಹತ್ತಿರ ಅಡ್ಡಗಾಳಿ ಹೊಡೆಯುತ್ತೆ, ಲಾರಿ ದಾಟುವಾಗ ಅದರ ಗಾಳಿ ಬೇರೆ. ನಡುಗೋಕೆ ಶುರುವಾದ ಹ್ಯಾಂಡಲ್‌ಗೆ ಅಷ್ಟು ಸಾಕು. ನಾನು ಇದನ್ನು ಮೈಮೇಲೆ ಬಂದು ಕಲಿತವನು. ದಾವಣಗೆರೆಯಲ್ಲಿ ನನ್ನದು ಲೇತ್ ಅಂಗಡಿ. ಹುಡುಗನಾಗಿದ್ದಾಗ ಆರ್‌ಎಕ್ಸ್ 100ಗೆ ಬೇರೆ ಬೈಕಿನ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿ, ಮುಂದೆ ಫೋರ್ಕ್ ಇಳಿಸಿ, ಚಿತ್ರದುರ್ಗಕ್ಕೆ ಹೊರಟಿದ್ದೆ. ಊರೊಳಗೆ ಏನು ಚೆನ್ನಾಗಿ ತಿರುಗ್ತಿತ್ತು ಅಂತೀರಿ! ಭರಮಸಾಗರ ದಾಟಿ ಒಂದು ಇಳಿಜಾರಿನಲ್ಲಿ ರಸ್ತೆಯ ಸಣ್ಣ ಉಬ್ಬು ಸಿಕ್ತು. ಹ್ಯಾಂಡಲ್ ಆ ಕಡೆ ಈ ಕಡೆ ಬಡಿಯೋಕೆ ಶುರುವಾಯ್ತು, ಎಷ್ಟು ಬಿಗಿ ಹಿಡಿದರೂ ನಿಲ್ಲಲಿಲ್ಲ, ಹಿಡಿದಷ್ಟೂ ಜಾಸ್ತಿಯಾಯ್ತು. ರಸ್ತೆ ಬಿಟ್ಟು ಕೆಳಗೆ ಹೋದೆ. ಎಡಗೈ ಮಣಿಕಟ್ಟು ಮುರಿದು ಎರಡು ತಿಂಗಳು ಕೆಲಸ ಇಲ್ಲ. ಆ ಎರಡು ತಿಂಗಳಲ್ಲೇ ನಾನು ಈ ವಿಷಯ ಓದೋಕೆ ಶುರು ಮಾಡಿದ್ದು, ಇವತ್ತಿಗೂ ಬಿಟ್ಟಿಲ್ಲ. ಅಕ್ಕನ ಮಗ ಈಗ ಕೊಯಮತ್ತೂರಿನ ಕಾರಿ ಟ್ರ್ಯಾಕ್‌ಗೂ ಮದ್ರಾಸ್ ಹತ್ತಿರದ ಟ್ರ್ಯಾಕ್‌ಗೂ ಹೋಗ್ತಾನೆ, ಅವನ ಬೈಕಿನ ಸಸ್ಪೆನ್ಷನ್ ಕೆಲಸ ನನ್ನದೇ.

ನಿಮ್ಮ ಲೆಕ್ಕ ಮಾಡೋಣ. ಹ್ಯಾಂಡಲ್ ತಿರುಗುವ ರಾಡ್ ಎಷ್ಟು ಓರೆ ಇದೆಯೋ ಅದು ರೇಕ್. ಆ ರಾಡಿನ ಗೆರೆಯನ್ನು ಹಾಗೇ ನೆಲದವರೆಗೆ ಎಳೆಯಿರಿ. ಮುಂದಿನ ಆಕ್ಸಲ್‌ನಿಂದ ಇನ್ನೊಂದು ಗೆರೆ ನೆಟ್ಟಗೆ ಕೆಳಕ್ಕೆ ಬಿಡಿ. ನೆಲದ ಮೇಲೆ ಎರಡರ ನಡುವೆ ಇರುವ ಅಂತರ ಟ್ರೇಲ್. ಆಸ್ಪತ್ರೆಯ ಸ್ಟ್ರೆಚರ್ ಚಕ್ರ ತಳ್ಳಿದ ಕಡೆಗೆ ತಾನಾಗಿ ತಿರುಗಿ ಹಿಂದೆ ಬರುತ್ತಲ್ಲ, ಮುಂದಿನ ಚಕ್ರ ನೆಟ್ಟಗೆ ಹೋಗೋದೂ ಅದೇ ಕಾರಣಕ್ಕೆ. ಟ್ರೇಲ್ ಇದ್ದಷ್ಟು ಹ್ಯಾಂಡಲ್ ತಾನಾಗಿ ನಡುವಿಗೆ ಬರುತ್ತೆ.

ವಿ2ಗೆ ಕಂಪನಿ ಕೊಟ್ಟ ರೇಕ್ 26 ಡಿಗ್ರಿ, ಟ್ರೇಲ್ 100 ಮಿಮೀ, ಎರಡು ಚಕ್ರದ ನಡುವೆ 1345 ಮಿಮೀ. ಈ ಉದ್ದಕ್ಕೆ ಮುಂದೆ ಹಿಂದೆ ಸೇರಿ ಹೆಚ್ಚುಕಮ್ಮಿ 23-24 ಮಿಮೀ ಬದಲಾದರೆ ಒಂದು ಡಿಗ್ರಿ. ನೀವು ಒಟ್ಟು 45 ಬದಲಿಸಿದ್ದೀರಿ, ಅಂದ್ರೆ ಸುಮಾರು ಎರಡು ಡಿಗ್ರಿ. ಒಂದು ಡಿಗ್ರಿಗೆ ಟ್ರೇಲ್ ಆರು ಮಿಮೀ ಹತ್ತಿರ ಕಡಿಮೆಯಾಗುತ್ತೆ. ಈಗ ನಿಮ್ಮ ಬೈಕ್ 24 ಡಿಗ್ರಿ, ಟ್ರೇಲ್ 90ಕ್ಕಿಂತ ಕಡಿಮೆ.

24 ಡಿಗ್ರಿ ಅಂದ್ರೆ ರೇಸ್ ಬೈಕ್ ಡಿಗ್ರಿನೇ ಅಲ್ವಾ ಅಂತೀರಿ. ಹೌದು. ಆದರೆ ಈಗಿನ 1000 ಸಿಸಿ ಬೈಕ್‌ಗಳು 24 ಡಿಗ್ರಿ ಹತ್ತಿರ ಇದ್ದರೂ ಟ್ರೇಲನ್ನು 100 ಆಸುಪಾಸಿನಲ್ಲೇ ಉಳಿಸಿಕೊಂಡಿವೆ. ರಾಡ್ ನೆಟ್ಟಗಾದಷ್ಟೂ ಫೋರ್ಕನ್ನು ರಾಡಿಗೆ ಹತ್ತಿರ ತಂದಿದ್ದಾರೆ. ಟಿ-ಯಲ್ಲಿರುವ ಆ ಅಂತರಕ್ಕೆ ಆಫ್‌ಸೆಟ್ ಅಂತಾರೆ. ನೀವು ಡಿಗ್ರಿ ಬದಲಿಸಿದಿರಿ, ಟಿ ಹಳೆಯದೇ ಉಳೀತು. ಜೊತೆಗೆ ಅವರ ಹತ್ರ ಹ್ಯಾಂಡಲ್ ನಡುಕ ತಡೆಯೋ ಸ್ಟೀರಿಂಗ್ ಡ್ಯಾಂಪರ್ ಇರುತ್ತೆ, ನಿಮ್ಮ ಹತ್ರ ಇಲ್ಲ.

ಇನ್ನು ಹಳೇ ಕಥೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ರೇಸ್ ಬೈಕ್ ಫೋಟೋ ನೋಡಿ. ಮುಂದೆ ಗರ್ಡರ್ ಫೋರ್ಕ್, ಒಂದೇ ಸ್ಪ್ರಿಂಗ್, ಪಕ್ಕದಲ್ಲಿ ಕೈಯಲ್ಲಿ ಬಿಗಿ ಮಾಡುವ ಒಂದು ತಿರುಪು. ಒಳಗೆ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಸ್ಪ್ರಿಂಗಿನ ಕುಣಿತ ತಡೆಯಬೇಕು, ಡ್ಯಾಂಪಿಂಗ್ ಅಂದ್ರೆ ಅಷ್ಟೇ. ಒದ್ದೆಯಾದರೆ ಒಂದು ಥರ, ಬಿಸಿಯಾದರೆ ಇನ್ನೊಂದು ಥರ. ಎಷ್ಟೋ ಬೈಕ್‌ಗಳಿಗೆ ಹಿಂದೆ ಸಸ್ಪೆನ್ಷನ್ನೇ ಇರಲಿಲ್ಲ, ಸೀಟಿನ ಕೆಳಗಿನ ಸ್ಪ್ರಿಂಗೇ ಗತಿ. ಹಿಂದೆ ಸ್ಪ್ರಿಂಗ್ ಹಾಕಿದರೆ ಬೈಕ್ ಬಳುಕುತ್ತೆ ಅಂತ ಆಗ ತುಂಬ ಜನ ನಂಬಿದ್ದರು. 1935ರಲ್ಲಿ ಸ್ಟ್ಯಾನ್ಲಿ ವುಡ್ಸ್ ಹಿಂದೆಯೂ ಸ್ಪ್ರಿಂಗ್ ಇದ್ದ ಮೋಟೋ ಗುಜ್ಜಿಯಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ಅನ್ನೋ ರಸ್ತೆ ರೇಸ್ ಗೆದ್ದರು. ಅದೇ ವರ್ಷ ಬಿಎಂಡಬ್ಲ್ಯು, ಒಳಗೆ ಎಣ್ಣೆಯಿಂದ ಡ್ಯಾಂಪಿಂಗ್ ಆಗುವ ಟೆಲಿಸ್ಕೋಪಿಕ್ (ಪೈಪಿನೊಳಗೆ ಪೈಪ್ ಜಾರುವ) ಫೋರ್ಕನ್ನು ಮಾರಾಟದ ಬೈಕಿಗೆ ಹಾಕಿತು. ನಿಮ್ಮ ಆರ್15ನ ಮುಂದಿನ ಫೋರ್ಕ್ ಇವತ್ತಿಗೂ ಅದೇ ವಂಶದ್ದು.

ಚಾಸಿ, ಅಂದ್ರೆ ಫ್ರೇಮ್ ಸಸ್ಪೆನ್ಷನ್ ಸೇರಿದ ಬೈಕಿನ ಮೈಕಟ್ಟು, ಅದರ ವಿಷಯದಲ್ಲಿ ದೊಡ್ಡ ತಿರುವು 1950. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್‌ಲೆಸ್ ನಾರ್ಟನ್ ಕಂಪನಿಗೆ ಒಂದು ಫ್ರೇಮ್ ಮಾಡಿಕೊಟ್ಟರು. ಎರಡು ಪೈಪ್ ಎಂಜಿನ್ ಸುತ್ತ ಪೂರ್ತಿ ಸುತ್ತಿಕೊಂಡು ಬಂದು ಹ್ಯಾಂಡಲ್ ಕೂರುವ ಹೆಡ್ ಹತ್ರ ಒಂದನ್ನೊಂದು ದಾಟುತ್ತವೆ, ಹಿಂದೆ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು ಅಂದ್ರೆ ಸ್ವಿಂಗ್ ಆರ್ಮ್, ಎರಡು ಶಾಕ್. ಅದನ್ನು ಓಡಿಸಿದ ಹೆರಾಲ್ಡ್ ಡ್ಯಾನಿಯಲ್, ಇದು ಗರಿಯ ಹಾಸಿಗೆ ಇದ್ದಂಗಿದೆ ಅಂದರು, ಫೆದರ್‌ಬೆಡ್ ಅಂತಲೇ ಹೆಸರಾಯ್ತು. ಆ ವರ್ಷ ಸೀನಿಯರ್ ಟಿಟಿಯಲ್ಲಿ ಜೆಫ್ ಡ್ಯೂಕ್ ಮೊದಲು, ಎರಡನೇದು ಮೂರನೇದೂ ನಾರ್ಟನ್ನೇ. ಅವರ ಎಂಜಿನ್ ಒಂದೇ ಸಿಲಿಂಡರಿನದು, ಎದುರಾಳಿಗಳ ನಾಲ್ಕು ಸಿಲಿಂಡರಿಗಿಂತ ಪವರ್ ಕಡಿಮೆ. ಚಾಸಿ ಒಳ್ಳೇದಿದ್ದರೆ ಕಡಿಮೆ ಪವರಿನಲ್ಲೂ ಗೆಲ್ಲಬಹುದು ಅಂತ ಎಲ್ಲರಿಗೂ ಕಣ್ಣಿಗೆ ಕಂಡಿದ್ದು ಆಗ.

ಆಮೇಲಿನ ಇಪ್ಪತ್ತು ವರ್ಷ ಎಂಜಿನ್ನುಗಳೇ ಮುಂದೆ ಓಡಿದವು, ಫ್ರೇಮ್‌ಗಳು ಫೆದರ್‌ಬೆಡ್ ಸುತ್ತಲೇ ಸುತ್ತಿದವು. 1970ರ ದಶಕದಲ್ಲಿ ಸ್ಲಿಕ್ ಟೈರ್ (ಗೀರು ಇಲ್ಲದ ನುಣುಪು ಟೈರ್) ಬಂತು ನೋಡಿ, ಅಲ್ಲಿಂದ ಎಲ್ಲ ಬದಲಾಯ್ತು. ಈ ಒಂದು ಮಾತು ದಯವಿಟ್ಟು ತಲೆಯಲ್ಲಿಟ್ಟುಕೊಳ್ಳಿ: ಟೈರ್ ಜಾರುತ್ತಿರೋವರೆಗೂ ಫ್ರೇಮಿನ ದೋಷ ಕಾಣಲ್ಲ. ಟೈರ್ ಹಿಡಿಯೋಕೆ ಶುರು ಮಾಡಿದ ಮೇಲೆ ಆ ಬಲ ಎಲ್ಲ ಫ್ರೇಮಿಗೆ, ಸ್ವಿಂಗ್ ಆರ್ಮಿಗೆ, ಶಾಕಿಗೆ ಬರುತ್ತೆ. ಪೈಪ್ ಫ್ರೇಮ್ ತಿರುಚಿಕೊಳ್ಳೋಕೆ ಶುರುವಾಯ್ತು.

ಹಿಂದಿನ ಶಾಕಿಗೆ ಉತ್ತರ ಮಣ್ಣಿನ ರೇಸಿನಿಂದ ಬಂತು. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಅನ್ನೋ ಎಂಜಿನಿಯರ್ ಎರಡು ಶಾಕ್ ತೆಗೆದು ಒಂದೇ ಉದ್ದದ ಶಾಕನ್ನು ಟ್ಯಾಂಕಿನ ಕೆಳಗೆ ಮಲಗಿಸಿದರು. ಯಮಹಾ ಅದನ್ನು ತಗೊಂಡಿತು, 1973ರಲ್ಲಿ ಹಾಕನ್ ಆಂಡರ್ಸನ್ ಅದರಲ್ಲೇ 250 ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದರು. ಮೋನೋಕ್ರಾಸ್ ಅಂತ ನಿಮ್ಮ ಬೈಕಿನ ಬ್ರೋಶರ್‌ನಲ್ಲಿ ಇದ್ದಿದ್ದು ಆ ಹೆಸರೇ. ನಂತರ ಲಿಂಕ್ ಬಂತು: ಮೊದಲು ಮೆತ್ತಗೆ, ಒಳಗೆ ಹೋದಂತೆ ಗಟ್ಟಿ. ನೀವು ಬದಲಿಸಿದ್ದು ಆ ಲಿಂಕನ್ನೇ, ಹಾಗಾಗಿ ಎತ್ತರದ ಜೊತೆಗೆ ಆ ಮೆತ್ತಗೆ-ಗಟ್ಟಿ ಅನುಪಾತವೂ ಬದಲಾಗಿರುತ್ತೆ.

ಫ್ರೇಮಿಗೆ ಉತ್ತರ ಕೊಟ್ಟವರು ಸ್ಪೇನಿನ ಆಂಟೋನಿಯೋ ಕೋಬಾಸ್. ಹ್ಯಾಂಡಲ್ ಇರುವ ಹೆಡ್‌ನಿಂದ ಸ್ವಿಂಗ್ ಆರ್ಮ್ ಬೋಲ್ಟ್‌ವರೆಗೆ ಬಲ ನೇರವಾಗಿ ಹೋಗಬೇಕು ಅಲ್ವಾ, ಹಾಗಾದ್ರೆ ಪೈಪನ್ನು ಸುತ್ತಿ ಬಳಸಿ ಯಾಕೆ ತರಬೇಕು? ಎರಡು ದಪ್ಪ ಅಲ್ಯೂಮಿನಿಯಂ ತೊಲೆಗಳನ್ನು ಎಂಜಿನ್ನಿನ ಎರಡೂ ಪಕ್ಕ ನೇರ ಎಳೆದರು. 1980ರ ದಶಕದ ಮೊದಲ ವರ್ಷಗಳ ಮಾತು. ಯಮಹಾ ಅದೇ ಹೊತ್ತಿಗೆ ಡೆಲ್ಟಾಬಾಕ್ಸ್ ಮಾಡಿತು. ನಿಮ್ಮ ಟ್ಯಾಂಕಿನ ಕೆಳಗೆ ಕೈ ಹಾಕಿ ನೋಡಿ, ಹೆಡ್ ಹತ್ರ ಅಗಲವಾಗಿ ಶುರುವಾಗಿ ಮೊಣಕಾಲಿನ ಪಕ್ಕದಲ್ಲಿ ಕೆಳಗಿಳಿಯುವ ಆ ತೊಲೆ ಸಿಗುತ್ತೆ. ನಿಮ್ಮದು ಉಕ್ಕಿನದು, ಆಕಾರ ಮಾತ್ರ ಅದೇ. 2008ರಲ್ಲಿ ಆರ್15 ಬಂದಾಗ ನಮ್ಮ ಅಂಗಡಿಗೆ ಬಂದ ಮೊದಲ ಬೈಕಿನ ಟ್ಯಾಂಕ್ ಬಿಚ್ಚಿಸಿ ನಾನು ಸುಮ್ನೆ ನೋಡ್ತಾ ನಿಂತಿದ್ದೆ.

ಈಗ 1984ರ ಹೋಂಡಾ ಎನ್‌ಎಸ್‌ಆರ್ 500 ಕಥೆ ಹೇಳಲೇಬೇಕು, ಯಾಕಂದ್ರೆ ನೀವು ಮಾಡಿದ ತಪ್ಪಿಗೂ ಇದಕ್ಕೂ ಸಂಬಂಧ ಇದೆ. ಹಿಂದಿನ ವರ್ಷ ಫ್ರೆಡ್ಡಿ ಸ್ಪೆನ್ಸರ್ ಮೂರು ಸಿಲಿಂಡರಿನ ಸಣ್ಣ ಹೋಂಡಾದಲ್ಲಿ ಕೆನ್ನಿ ರಾಬರ್ಟ್ಸ್ ವಿರುದ್ಧ ಎರಡೇ ಪಾಯಿಂಟಿನಿಂದ 500 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಗೆದ್ದಿದ್ದರು. ಹೋಂಡಾ ಎಂಜಿನಿಯರ್‌ಗಳು, ಭಾರ ಕೆಳಗಿದ್ದಷ್ಟೂ ಒಳ್ಳೇದು ಅಂದುಕೊಂಡು ಈ ಹೊಸ ಬೈಕಿನ ಪೆಟ್ರೋಲ್ ಟ್ಯಾಂಕನ್ನು ಎಂಜಿನ್ ಕೆಳಗೆ ಇಟ್ಟರು, ಸೈಲೆನ್ಸರ್ ಪೈಪ್‌ಗಳನ್ನು ಮೇಲೆ, ಟ್ಯಾಂಕ್ ಇರಬೇಕಾದ ಜಾಗಕ್ಕೆ ತಂದರು. ಕಾಗದದ ಮೇಲೆ ಸರಿಯಾಗೇ ಕಾಣುತ್ತೆ. ಓಡಿಸಿದರೆ ಬೈಕ್ ಸ್ಪೆನ್ಸರ್ ಅಂದುಕೊಂಡ ಹಾಗೆ ವಾಲಲ್ಲ, ಪೆಟ್ರೋಲ್ ಖರ್ಚಾದಂತೆ ಗುಣವೇ ಬದಲಾಗುತ್ತೆ, ಪೈಪಿನ ಬಿಸಿ ಬೇರೆ. ಬೈಕಿಗೆ ಭಾರ ಒಂದು ಮಟ್ಟಕ್ಕೆ ಮೇಲೆ ಇರಬೇಕು. ಬ್ರೇಕ್ ಹಿಡಿದಾಗ ಭಾರ ಮುಂದಿನ ಟೈರ್ ಮೇಲೆ ಕೂರಬೇಕು, ಥ್ರಾಟಲ್ ಕೊಟ್ಟಾಗ ಹಿಂದಿನದರ ಮೇಲೆ. ಒತ್ತಿದ್ರೆ ತಾನೇ ಟೈರ್ ಹಿಡಿಯೋದು. 1985ಕ್ಕೆ ಟ್ಯಾಂಕ್ ಮೇಲೆ, ಪೈಪ್ ಕೆಳಗೆ ಬಂತು. ಆ ವರ್ಷ ಸ್ಪೆನ್ಸರ್ 250 ಮತ್ತು 500 ಎರಡೂ ಕ್ಲಾಸ್ ಗೆದ್ದರು.

ಭಾರ ಹೀಗೆ ಮುಂದೆ ಹಿಂದೆ ಓಡಾಡಿದಾಗ ಬೈಕ್ ಬಗ್ಗುತ್ತೆ, ಏಳುತ್ತೆ. ಇದರಿಂದ ನನಗೆ ಅರ್ಥವಾಗಿದ್ದು, ರೇಸ್ ಬೈಕಿನ ರೇಕ್ ಅನ್ನೋದು ನಿಂತ ನಂಬರ್ ಅಲ್ಲ. ಕೂಡಿಸಿ ನೋಡಿ: ಜೋರು ಬ್ರೇಕ್ ಹಿಡಿದಾಗ ಫೋರ್ಕ್ 80 ಮಿಮೀ ಒಳಗೆ ಹೋಗಿ ಹಿಂಭಾಗ 20 ಎದ್ದರೆ, ಎರಡು ಚಕ್ರದ ನಡುವೆ 1400 ಮಿಮೀ ಇರುವ ಬೈಕಿಗೆ ನಾಲ್ಕು ಡಿಗ್ರಿ ಬದಲಾಯ್ತು. 24 ಡಿಗ್ರಿ ಇದ್ದಿದ್ದು ಆ ಕ್ಷಣಕ್ಕೆ 20. ತಿರುವಿಗೆ ಒಳಗೆ ಹೋಗುವಾಗ ಚುರುಕು, ಹೊರಗೆ ಬರುವಾಗ ಹಿಂದೆ ಕೂತು ಮತ್ತೆ ನಿಧಾನ, ಸ್ಥಿರ. ಫೋಟೋದಲ್ಲಿ ನೀವು ನೋಡಿದ ಮುಂದೆ ಬಗ್ಗಿದ ಬೈಕ್ ಬಹುಶಃ ಬ್ರೇಕ್ ಹಿಡಿದಾಗಿನದು. ಅದೇ ಬೈಕ್ ನೇರ ರಸ್ತೆಯಲ್ಲಿ ಹಾಗಿರಲ್ಲ, ನೀವು ಮಾತ್ರ ಅದನ್ನು ಯಾವಾಗಲೂ ಹಾಗೇ ಇರುವಂತೆ ಬೋಲ್ಟ್ ಹಾಕಿ ಬಿಗಿದಿದ್ದೀರಿ. ರೇಸಿನವರು ಎಣ್ಣೆ, ಸ್ಪ್ರಿಂಗ್, ಕಂಪ್ರೆಷನ್ (ಒತ್ತಿಕೊಳ್ಳುವ ವೇಗ), ರಿಬೌಂಡ್ (ಮತ್ತೆ ಏಳುವ ವೇಗ) ಅಂತ ದಿನಗಟ್ಟಲೆ ಕೂರೋದು ಆ ಡಿಗ್ರಿ ಎಷ್ಟು ಬೇಗ ಬದಲಾಗಬೇಕು ಅನ್ನೋದನ್ನು ತೀರ್ಮಾನ ಮಾಡೋಕೆ. ಟೆಲಿಸ್ಕೋಪಿಕ್ ಬಿಟ್ಟು ಬೇರೆ ದಾರಿ ಹುಡುಕಿದವರೂ ಇದ್ದರು. 1980ರ ದಶಕದಲ್ಲಿ ಎಲ್ಫ್ ಬೈಕಿನಲ್ಲಿ ರಾನ್ ಹ್ಯಾಸ್ಲಮ್ ಓಡಿದರು, ಮುಂದೆಯೂ ಸ್ವಿಂಗ್ ಆರ್ಮ್ ಥರದ್ದು. ಬ್ರೇಕ್ ಹಿಡಿದರೆ ಮುಂದೆ ಅಷ್ಟು ಕುಸಿಯಲ್ಲ. ಆದರೆ ಆ ಕುಸಿತದಿಂದಲೇ ರೈಡರ್‌ಗೆ ಟೈರ್ ಎಷ್ಟು ಹಿಡಿದಿದೆ ಅಂತ ಕೈಗೆ ಗೊತ್ತಾಗೋದು. ಫೋರ್ಕ್ ಉಳೀತು, ತಲೆಕೆಳಗಾಗಿ ದಪ್ಪ ಭಾಗ ಮೇಲೆ ಹೋಯ್ತು, ಅಷ್ಟೇ.

ಈಗ ನನಗೆ ತುಂಬ ಇಷ್ಟವಾದ ಭಾಗ. ಬೈಕ್ 60 ಡಿಗ್ರಿ ವಾಲಿದೆ ಅಂದುಕೊಳ್ಳಿ. ರಸ್ತೆಯ ಉಬ್ಬು ಕೆಳಗಿಂದ ನೆಟ್ಟಗೆ ಮೇಲೆ ತಳ್ಳುತ್ತೆ, ಫೋರ್ಕ್ ಮಾತ್ರ ಮಲಗಿದೆ. ಆ ಏಟಿನಲ್ಲಿ ಅರ್ಧ ಮಾತ್ರ ಫೋರ್ಕ್ ಹೋಗುವ ದಿಕ್ಕಿನಲ್ಲಿದೆ, ಉಳಿದಿದ್ದು ಫ್ರೇಮನ್ನು ಪಕ್ಕಕ್ಕೆ ತಳ್ಳುತ್ತೆ. ಅಷ್ಟರಲ್ಲೇ ಸ್ಪ್ರಿಂಗ್ ಮೇಲೆ ಮಾಮೂಲಿಗಿಂತ ಎರಡರಷ್ಟು ಭಾರ ಕೂತಿರುತ್ತೆ. ಅಂದ್ರೆ ಸಸ್ಪೆನ್ಷನ್ ಅತಿ ಹೆಚ್ಚು ಬೇಕಾದ ಹೊತ್ತಿಗೇ ಅದು ಅತಿ ಕಡಿಮೆ ಕೆಲಸ ಮಾಡುತ್ತೆ! ಹಾಗಾದ್ರೆ ಆ ಉಬ್ಬನ್ನು ನುಂಗೋರು ಯಾರು? ಟೈರಿನ ಗೋಡೆ, ಮತ್ತೆ ಫ್ರೇಮ್, ಸ್ವಿಂಗ್ ಆರ್ಮ್, ಫೋರ್ಕ್ ಪೈಪ್ ಪಕ್ಕಕ್ಕೆ ಸ್ವಲ್ಪ ಬಳುಕಿ. ಅದಕ್ಕೇ ಗಟ್ಟಿ, ಇನ್ನೂ ಗಟ್ಟಿ ಅಂತ ಓಡಿದವರು ಒಂದು ಹಂತದಲ್ಲಿ ನಿಂತರು. ಬ್ರೇಕ್ ದಿಕ್ಕಿನಲ್ಲಿ ಗಟ್ಟಿ ಇರಬೇಕು, ಪಕ್ಕಕ್ಕೆ ಲೆಕ್ಕಹಾಕಿ ಬಳುಕಬೇಕು. ಹಗ್ಗದ ಮಂಚಕ್ಕೂ ಕಲ್ಲು ಕಟ್ಟೆಗೂ ಇರೋ ವ್ಯತ್ಯಾಸ.

ಡುಕಾಟಿ ಇದಕ್ಕೆ ಬೆಲೆ ಕೊಟ್ಟಿದೆ. 2009ರಿಂದ 2011ರವರೆಗೆ ಬೈಕ್ ರೇಸಿನ ಅತಿ ದೊಡ್ಡ ವಿಶ್ವ ಚಾಂಪಿಯನ್‌ಶಿಪ್ ಮೋಟೋಜಿಪಿಯ ಅವರ ಬೈಕಿಗೆ ಮಾಮೂಲಿ ಫ್ರೇಮ್ ಇರಲಿಲ್ಲ, ಎಂಜಿನ್ನಿಗೇ ಕಾರ್ಬನ್ ಫೈಬರ್ ಡಬ್ಬಿ ಬೋಲ್ಟ್ ಮಾಡಿ ಅದಕ್ಕೆ ಹ್ಯಾಂಡಲ್ ಕೂರಿಸಿದ್ದರು. ಕೇಸಿ ಸ್ಟೋನರ್ ಅದರಲ್ಲೂ ಗೆದ್ದರು. 2011ರಲ್ಲಿ ಬಂದ ವ್ಯಾಲೆಂಟಿನೋ ರೋಸ್ಸಿಗೆ ಮುಂದಿನ ಟೈರ್ ಏನು ಮಾಡ್ತಿದೆ ಅಂತ ಕೈಗೆ ಗೊತ್ತಾಗಲೇ ಇಲ್ಲ. ಎರಡು ವರ್ಷದಲ್ಲಿ ಒಂದು ರೇಸೂ ಗೆಲ್ಲಲಿಲ್ಲ. 2012ಕ್ಕೆ ಡುಕಾಟಿ ಕೂಡ ಅಲ್ಯೂಮಿನಿಯಂ ತೊಲೆಗೆ ಬಂತು. ಕೆಟಿಎಂ ಮಾತ್ರ ಉಕ್ಕಿನ ಫ್ರೇಮಿನಲ್ಲೇ 2020ರಲ್ಲಿ ಬ್ರನೋದಲ್ಲಿ ಮೊದಲ ಮೋಟೋಜಿಪಿ ರೇಸ್ ಗೆದ್ದಿತು. ಅಂದ್ರೆ ಲೋಹ ಯಾವುದು ಅನ್ನೋದಕ್ಕಿಂತ ಎಲ್ಲಿ ಎಷ್ಟು ಬಳುಕುತ್ತೆ ಅನ್ನೋದೇ ಮುಖ್ಯ.

ಉದ್ದದ ಸ್ವಿಂಗ್ ಆರ್ಮ್ ಬಗ್ಗೆಯೂ ಒಂದು ಮಾತು. 1998ರ ಯಮಹಾ ಆರ್1ನಲ್ಲಿ ಗೇರ್‌ಬಾಕ್ಸ್ ಶಾಫ್ಟ್‌ಗಳನ್ನು ಒಂದರ ಮೇಲೊಂದು ಇಟ್ಟು ಎಂಜಿನ್ನನ್ನೇ ಗಿಡ್ಡ ಮಾಡಿದರು. ಉಳಿದ ಜಾಗವನ್ನು ಸ್ವಿಂಗ್ ಆರ್ಮಿಗೆ ಕೊಟ್ಟರು, ಎರಡು ಚಕ್ರದ ನಡುವಿನ ಅಂತರ 1395 ಮಿಮೀ ದಾಟಲಿಲ್ಲ. ಆರ್ಮ್ ಉದ್ದವಿದ್ದಷ್ಟು ಥ್ರಾಟಲ್ ಕೊಟ್ಟಾಗ ಚೈನ್ ಎಳೆತದಿಂದ ಹಿಂಭಾಗ ಏಳೋದು ಕೂರೋದು ಹದದಲ್ಲಿರುತ್ತೆ. ನಿಮ್ಮ ಬೈಕಿನಲ್ಲೇ ನೋಡಿ: ಮೊದಲ ಆರ್15 1290 ಮಿಮೀ, 2011ರ ವಿ2ಗೆ ಉದ್ದದ ಅಲ್ಯೂಮಿನಿಯಂ ಆರ್ಮ್ ಹಾಕಿ 1345 ಮಾಡಿದರು. ಹಿಂದೆ 25 ಎತ್ತಿದಾಗ ಆ ಆರ್ಮಿನ ಇಳಿಜಾರೂ ಚೈನಿನ ಕೋನವೂ ಬದಲಾದವು. ಎತ್ತಿದ ಮೇಲೆ ಚೈನ್ ಸ್ಲ್ಯಾಕ್ (ಚೈನ್ ಎಷ್ಟು ಸಡಿಲ) ನೋಡಿದ್ರಾ? ಇಲ್ಲ ಅಂದ್ರೆ ಈಗಲೇ ನೋಡಿ.

ಇತ್ತೀಚಿನದು ರೈಡ್ ಹೈಟ್ ಡಿವೈಸ್, ಓಡುವಾಗಲೇ ಬೈಕಿನ ಎತ್ತರ ಬದಲಿಸೋದು. 2023ರಲ್ಲಿ ನೋಯ್ಡಾ ಹತ್ತಿರದ ಬುದ್ಧ ಸರ್ಕ್ಯೂಟ್‌ಗೆ ಮೋಟೋಜಿಪಿ ಬಂದಾಗ ನಾನೂ ಅಕ್ಕನ ಮಗನೂ ರೈಲು ಹತ್ತಿ ಹೋಗಿದ್ವಿ. ತಿರುವಿಂದ ಹೊರಗೆ ಬಂದು ನೇರ ರಸ್ತೆ ಹಿಡಿದ ಕೂಡಲೇ ಹಿಂಭಾಗ ಕಾವಿಗೆ ಕೂತ ಕೋಳಿ ಥರ ಪಟ್ಟಂತ ಕೆಳಗೆ ಕೂರುತ್ತೆ. ಮುಂದಿನ ಚಕ್ರ ಏಳಲ್ಲ, ಪವರ್ ಪೂರ್ತಿ ರಸ್ತೆಗೆ. ಬ್ರೇಕ್ ಹಿಡಿದರೆ ಮತ್ತೆ ಎದ್ದು ನಿಲ್ಲುತ್ತೆ. "ಮಾವ, ಇದು ಕುಂತು ಎದ್ದು ಓಡ್ತೈತಿ ನೋಡು" ಅಂದ ಅವನು. ಜ್ಯಾಮಿತಿಯನ್ನು ಓಡುತ್ತಾ ಓಡುತ್ತಾ ಬದಲಿಸೋ ಆಟ ಅಲ್ಲಿಗೆ ಬಂದು ನಿಂತಿದೆ. 2027ರಿಂದ ಇವನ್ನು ಪೂರ್ತಿ ತೆಗೆಯೋ ನಿಯಮ ಬಂದಿದೆ, ನನಗೆ ಅದು ಸರಿ ಅನ್ಸುತ್ತೆ. ಆ ಕೆಲಸ ರೈಡರ್‌ನ ಕೈಯಲ್ಲೂ ಸ್ಪ್ರಿಂಗಿನಲ್ಲೂ ಇರಲಿ.

ನಿಮ್ಮ ಬೈಕಿಗೆ ಬರೋಣ. ಎಲ್ಲ ಮೊದಲಿನ ಜಾಗಕ್ಕೆ ತಂದ ಮೇಲೆ ಮುಂದಿನ ಚಕ್ರ ನೆಲದಿಂದ ಎತ್ತಿ, ಹ್ಯಾಂಡಲನ್ನು ಒಂದೇ ಬೆರಳಲ್ಲಿ ನಿಧಾನ ತಿರುಗಿಸಿ. ನಡುವಿನಲ್ಲಿ ಸಣ್ಣ ಕುಳಿಯೊಳಗೆ ಬಿದ್ದಂಗೆ ಟಕ್ ಅಂತ ನಿಂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಎಷ್ಟೋ ಬೈಕ್ ನಡುಗೋದು ಬರೀ ಇದಕ್ಕೇ. ಟೈರ್ ನಡುವೆ ಸಪಾಟಾಗಿದ್ದರೆ ಬದಲಿಸಿ, ಗಾಳಿ ಸರಿ ಇರಲಿ.

ಆಮೇಲೆ ಒಂದು ಕೇಬಲ್ ಟೈ ತಗೊಂಡು ಫೋರ್ಕ್ ಪೈಪಿಗೆ ಕಟ್ಟಿ, ಕೈಯಲ್ಲಿ ಜರುಗುವಷ್ಟು ಬಿಗಿ ಸಾಕು. ಚಕ್ರ ಎತ್ತಿದಾಗ ಸೀಲಿಗೆ (ಫೋರ್ಕಿನ ಎಣ್ಣೆ ತಡೆಯುವ ರಬ್ಬರ್) ತಾಗಿಸಿಡಿ. ಬೈಕ್ ಇಳಿಸಿ, ಹೆಲ್ಮೆಟ್ ಜಾಕೆಟ್ ಹಾಕಿ ಮೆತ್ತಗೆ ಕೂತು, ಮೆತ್ತಗೆ ಇಳಿಯಿರಿ. ಟೈ ಎಷ್ಟು ಜರುಗಿದೆ ಅಳೆಯಿರಿ. 35 ಮಿಮೀ ಆಸುಪಾಸು ಬಂದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಸರಿ. 45-50 ಬಂದರೆ ಸ್ಪ್ರಿಂಗ್ ಸೋತಿದೆ, ಬೈಕ್ ಈಗಾಗಲೇ ಮುಂದೆ ಇಳಿದಿದೆ, ನೀವು ಅದರ ಮೇಲೆ ಮತ್ತೆ 20 ಇಳಿಸಿದ್ದೀರಿ. ಇನ್ನೊಮ್ಮೆ ಟೈ ಸೀಲಿಗೆ ತಂದು ನಿಮ್ಮ ಮಾಮೂಲಿ ತಿರುವುಗಳಲ್ಲಿ ಒಂದು ಸುತ್ತು ಹೋಗಿ ಬನ್ನಿ. ಟೈ ಕೊನೆವರೆಗೂ ಹೋಗಿದ್ದರೆ ಎಣ್ಣೆ ಹಳತಾಗಿದೆ ಅಥವಾ ಕಡಿಮೆ ಇದೆ. ಹೊಸ ಎಣ್ಣೆ, ಎರಡೂ ಕಡೆ ಒಂದೇ ಮಟ್ಟ. ಬರೀ ಇಷ್ಟರಿಂದಲೇ ನನ್ನ ಅಕ್ಕನ ಮಗನ ಬೈಕ್ ತಿರುವಿನಲ್ಲಿ ಎಷ್ಟು ಬದಲಾಯ್ತು ಅಂದ್ರೆ ಅವನು ಟೈರ್ ಬದಲಿಸಿದ್ಯಾ ಮಾವ ಅಂತ ಕೇಳಿದ.

ಇಷ್ಟೆಲ್ಲ ಆದ ಮೇಲೂ ಇನ್ನೂ ಚುರುಕು ಬೇಕು ಅನಿಸಿದರೆ ಫೋರ್ಕ್ ಮಾತ್ರ 5 ಮಿಮೀ ಎಳೆಯಿರಿ, ಹಿಂದೆ ಕೈ ಹಾಕಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ಕೇಬಲ್ ಟೈ ಎಷ್ಟು ಮಿಮೀ ತೋರಿಸ್ತು, ನಿಮ್ಮ ತೂಕ ಎಷ್ಟು, ಎರಡನ್ನೂ ಇಲ್ಲೇ ಕೆಳಗೆ ಬರೆಯಿರಿ, ಸ್ಪ್ರಿಂಗಿಗೆ ಸ್ಪೇಸರ್ ಬೇಕಾ, ಎಷ್ಟು ಉದ್ದ ಅಂತ ಲೆಕ್ಕ ಹಾಕಿ ಹೇಳ್ತೀನಿ.